ವ್ಯಾನಿನ ಒಳಾಂಗಣ ಬದಲಿಸುವ ಮುನ್ನ ಕೊಂಡ ವರ್ಕ್‌ಶಾಪ್ ಮ್ಯಾನುಯಲ್: ಕೆಲವು ಮಳೆಗಾಲಗಳ ಬಳಕೆಯ ನಂತರ

ತೀರ್ಥಹಳ್ಳಿ ಕಡೆಯ ನಮ್ಮ ಮನೆಯಿಂದ ಶಿವಮೊಗ್ಗಕ್ಕೂ ಘಟ್ಟದ ಕೆಳಗಿನ ಊರುಗಳಿಗೂ ಜೇನುತುಪ್ಪ, ಮುರುಗಲು ಶರಬತ್ತು, ಉಪ್ಪಿನಕಾಯಿ ಸಾಗಿಸುವ ನನ್ನ ವ್ಯಾನು, ಓಮ್ನಿ ಮತ್ತು ಈಕೋಗಳಂತೆ, ಎಂಜಿನ್ ಮುಂದಿನ ಸೀಟಿನ ಕೆಳಗೇ ಇರುವ ಮಾದರಿಯದು. ಅದರೊಳಗೆ ಮಡಚುವ ಹಲಗೆ, ಪಕ್ಕಕ್ಕೊಂದು ಕಪಾಟು ಮತ್ತು ದೀಪ ಕೂಡಿಸಬೇಕೆಂದಾಗ, ಬಡಗಿಯನ್ನು ಕರೆಯುವ ಮೊದಲು, ಆ ಮಾದರಿಯ ವರ್ಕ್‌ಶಾಪ್ ಮ್ಯಾನುಯಲ್ಲಿನ, ಅಂದರೆ ವಾಹನ ಬಿಚ್ಚಿ ದುರಸ್ತಿ ಮಾಡುವ ಮೆಕ್ಯಾನಿಕ್‌ಗಳ ಕೈಪಿಡಿಯ, ಮುದ್ರಿತ ಪ್ರತಿಯನ್ನು ಸೆಕೆಂಡ್‌ಹ್ಯಾಂಡಿನಲ್ಲಿ ಕೊಂಡೆ. ವಾಹನದ ಜೊತೆ ಬರುವ ಓನರ್ಸ್ ಮ್ಯಾನುಯಲ್ ಈ ಕೆಲಸಕ್ಕೆ ಸಾಲದು. ಟೈರಿನ ಗಾಳಿ, ಫ್ಯೂಸಿನ ಜಾಗ, ಸರ್ವಿಸ್ ಅವಧಿಗಳನ್ನು ತಿಳಿಸಿ ಅದು ಸುಮ್ಮನಾಗುತ್ತದೆ.

ಎಂಜಿನ್, ಗೇರ್‌ಬಾಕ್ಸ್ ಅಧ್ಯಾಯಗಳನ್ನು ನಾನು ತೆರೆದದ್ದು ಅಪರೂಪ. ಕೊಟ್ಟ ಹಣಕ್ಕೆ ಬೆಲೆ ಸಿಕ್ಕಿದ್ದು ಬಾಡಿ ಮತ್ತು ಎಲೆಕ್ಟ್ರಿಕಲ್ ಅಧ್ಯಾಯಗಳಲ್ಲಿ. ಕಪಾಟು ನಿಲ್ಲಿಸಲು ನೆಲಕ್ಕೆ ತೂತು ಕೊರೆಯುವುದೇ ಸುಲಭವೆಂದು ಬಡಗಿ ಹೇಳುವುದು ಸಹಜ. ಆದರೆ ಆ ತಗಡಿನ ಕೆಳಗೆ ಪೆಟ್ರೋಲ್ ಟ್ಯಾಂಕ್, ಇಂಧನದ ಪೈಪು, ಬ್ರೇಕ್ ಪೈಪುಗಳು ಹಾದುಹೋಗುತ್ತವೆ, ಮೇಲೆ ಕಾರ್ಪೆಟ್ಟಿನ ಅಡಿಯಲ್ಲಿ ವೈರಿಂಗ್ ಹಾರ್ನೆಸ್ (ವಿದ್ಯುತ್ ತಂತಿಗಳ ಕಟ್ಟು) ಇರುತ್ತದೆ. ಚಿತ್ರಗಳನ್ನು ನೋಡಿದ ಮೇಲೆ ಹೊಸ ತೂತನ್ನೇ ಬೇಡವೆಂದು ನಿರ್ಧರಿಸಿ, ಚೌಕಟ್ಟನ್ನು ಈಗಾಗಲೇ ಇರುವ ಆಧಾರಗಳಿಗೆ ಬಿಗಿಸುವಂತೆ ಮಾಡಿಸಿದೆ. ಸೀಟ್‌ಬೆಲ್ಟಿನ ಬೋಲ್ಟುಗಳನ್ನು ಮಾತ್ರ ಇಂಥ ಕೆಲಸಕ್ಕೆ ಮುಟ್ಟಬಾರದು.

ಬಾಗಿಲಿನ ಟ್ರಿಮ್, ಅಂದರೆ ಒಳಬದಿಯ ಹೊದಿಕೆ, ಬಿಚ್ಚುವ ವಿವರ ವಿಶೇಷವಾಗಿ ಉಪಯುಕ್ತ. ಕಿಟಕಿಯ ಗಾಜು ಇಳಿಸುವ ಹ್ಯಾಂಡಲ್ ಅನ್ನು ಹಿಡಿದಿರುವುದು ಅದರ ಹಿಂದೆ ಅಡಗಿರುವ ಒಂದು ಸಣ್ಣ ಕಮಾನಿನಾಕಾರದ ಸ್ಪ್ರಿಂಗ್ ಕ್ಲಿಪ್. ಸ್ಕ್ರೂಡ್ರೈವರಿನಿಂದ ಮೀಟಿದರೆ ಪ್ಲಾಸ್ಟಿಕ್ ಸೀಳುತ್ತದೆ. ಹ್ಯಾಂಡಲ್ ಮತ್ತು ಟ್ರಿಮ್‌ನ ನಡುವೆ ಹಳೆಯ ಪಂಚೆಯ ಚೂರೊಂದನ್ನು ತೂರಿಸಿ, ಎರಡೂ ತುದಿ ಹಿಡಿದು ಅತ್ತಿತ್ತ ಎಳೆದರೆ ಕ್ಲಿಪ್ ಟಪ್ಪೆಂದು ಹಾರುತ್ತದೆ. ಟ್ರಿಮ್‌ನ ಹಿಂದೆ ಅಂಟಿಸಿರುವ ಪ್ಲಾಸ್ಟಿಕ್ ಹಾಳೆಯನ್ನು ಕಸವೆಂದು ಕಿತ್ತೆಸೆಯುವವರಿದ್ದಾರೆ. ಗಾಜಿನ ಮೇಲಿಂದ ಬಾಗಿಲೊಳಗೆ ಇಳಿಯುವ ನೀರು ಒಳಾಂಗಣಕ್ಕೆ ಬಾರದೆ ಕೆಳಗಿನ ರಂಧ್ರಗಳಿಂದ ಹೊರಹೋಗುವುದು ಆ ಹಾಳೆಯಿಂದಲೇ. ಆಗುಂಬೆಯ ಮಳೆಯಲ್ಲಿ ಓಡಾಡುವವರು ಹಾಳೆಯನ್ನು ಉಳಿಸಿಕೊಳ್ಳಬೇಕು, ಶಬ್ದ ತಡೆಯುವ ಮ್ಯಾಟ್ ಅಂಟಿಸುವಾಗ ಆ ರಂಧ್ರಗಳನ್ನು ಮುಚ್ಚಬಾರದು. ಮುಚ್ಚಿದರೆ ತುಕ್ಕು ಒಳಗಿನಿಂದ ಶುರುವಾಗುತ್ತದೆ.

ವೈರಿಂಗ್ ನಕ್ಷೆಗಳನ್ನು ಓದಲು ಸ್ವಲ್ಪ ತಾಳ್ಮೆ ಬೇಕು. ಪ್ರತಿ ತಂತಿಯ ಬಣ್ಣವನ್ನು ಓರೆಗೆರೆಯ (/) ಎರಡೂ ಬದಿಯ ಅಕ್ಷರಗಳಿಂದ ಗುರುತಿಸಿರುತ್ತಾರೆ; ಎಡಗಡೆಯ ಅಕ್ಷರ ತಂತಿಯ ಮೂಲಬಣ್ಣವನ್ನೂ, ಬಲಗಡೆಯದು ಅದರ ಮೇಲಿನ ಗೆರೆಯ ಬಣ್ಣವನ್ನೂ ಸೂಚಿಸುತ್ತದೆ ಎಂಬುದು ತಿಳಿದರೆ ಅರ್ಧ ಕಷ್ಟ ಕಳೆಯಿತು. ಚಾವಣಿಯ ದೀಪದ ತಂತಿಗೆ ಹೊಸ ದೀಪವನ್ನೂ ಮೊಬೈಲ್ ಚಾರ್ಜರನ್ನೂ ಜೋತುಹಾಕುವ ಬದಲು, ಬ್ಯಾಟರಿಯಿಂದ ಪ್ರತ್ಯೇಕ ತಂತಿ ಎಳೆದು, ಬ್ಯಾಟರಿಯ ಹತ್ತಿರದಲ್ಲೇ 5 ಆಂಪಿಯರ್ ಫ್ಯೂಸ್ ಹಾಕಿಸಿದ್ದೇನೆ. 12 ವೋಲ್ಟಿನಲ್ಲಿ ಅದು ಸುಮಾರು 60 ವಾಟ್‌ಗೆ ಸಾಕು, ನನಗೆ ಅಷ್ಟೂ ಬೇಕಾಗುವುದಿಲ್ಲ. ಏರ್‌ಬ್ಯಾಗ್ ಇರುವ ವಾಹನವಾದರೆ, ಬ್ಯಾಟರಿಯ ನೆಗೆಟಿವ್ ತಂತಿ ಬಿಚ್ಚಿ, ಮ್ಯಾನುಯಲ್ ಹೇಳಿದಷ್ಟು ಹೊತ್ತು ಕಾದ ನಂತರವೇ ಡ್ಯಾಶ್‌ಬೋರ್ಡಿಗೆ ಕೈಹಾಕಬೇಕು.

ಕೊರತೆಗಳೂ ಇವೆ. ಭಾಷೆ ಪೂರ್ತಿ ಇಂಗ್ಲಿಷ್. ಸಾಗರ ರಸ್ತೆಯ ಆಟೋ ಕಾಂಪ್ಲೆಕ್ಸಿನ ಎಲೆಕ್ಟ್ರಿಷಿಯನ್‌ಗೆ ನಕ್ಷೆ ಸಾಕಾಯಿತು, ನಮ್ಮ ಬಡಗಿಗೆ ಪ್ರತಿ ಪುಟವನ್ನೂ ನಾನೇ ವಿವರಿಸಬೇಕಾಯಿತು. ಕಾನೂನಿನ ಬಗ್ಗೆ ಅದರಲ್ಲಿ ಒಂದಕ್ಷರವೂ ಇಲ್ಲ, ಇರಬೇಕೆಂದು ನಿರೀಕ್ಷಿಸುವುದೂ ಸರಿಯಲ್ಲ. 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಮು ತಯಾರಕರ ಮೂಲ ವಿವರಗಳಿಗೆ ವಿರುದ್ಧವಾದ ಮಾರ್ಪಾಟನ್ನು ನಿರ್ಬಂಧಿಸುತ್ತದೆ. 2019ರಲ್ಲಿ ಸುಪ್ರೀಂ ಕೋರ್ಟ್ ಕೂಡ ಇದನ್ನೇ ಎತ್ತಿಹಿಡಿಯಿತು. ಆರ್‌ಸಿಯಲ್ಲಿ ಸೀಟುಗಳ ಸಂಖ್ಯೆ ನಮೂದಾಗಿರುವುದರಿಂದ ನಾನು ಒಂದು ಸೀಟನ್ನೂ ತೆಗೆಸಿಲ್ಲ, ಹಲಗೆ ಬೇಕಾದಾಗ ಕಳಚಿಡುವಂಥದ್ದು. ಸೀಟು ತೆಗೆಸುವ ಯೋಚನೆಯಿದ್ದರೆ ಮೊದಲು ಆರ್‌ಟಿಒ ಕಚೇರಿಯಲ್ಲಿ ವಿಚಾರಿಸಿ.

ಕೊಳ್ಳುವವರು ಗಮನಿಸಬೇಕಾದದ್ದು ಇಷ್ಟೆ: ಮಾದರಿಯ ಹೆಸರೊಂದೇ ಆದರೂ ವರ್ಷ ಬದಲಾದಂತೆ ವೈರಿಂಗ್ ಬದಲಾಗಿರಬಹುದು, ಆದ್ದರಿಂದ ಮ್ಯಾನುಯಲ್ ಯಾವ ವರ್ಷದ ವಾಹನಕ್ಕೆ ಅನ್ವಯಿಸುತ್ತದೆ ಎಂಬುದನ್ನು ಆರ್‌ಸಿಯ ಜೊತೆ ತಾಳೆ ನೋಡಿ. ವೈರಿಂಗ್ ನಕ್ಷೆಗಳು ಪ್ರತ್ಯೇಕ ಸಂಪುಟದಲ್ಲಿದ್ದು ವ್ಯಾಪಾರಿ ಮುಖ್ಯ ಸಂಪುಟವನ್ನಷ್ಟೇ ಕೊಡುತ್ತೇನೆಂದರೆ, ಒಳಾಂಗಣದ ಕೆಲಸಕ್ಕಾಗಿ ಅದನ್ನು ಕೊಳ್ಳಲು ನಾನು ಸಲಹೆ ಮಾಡುವುದಿಲ್ಲ.