ಶಹಾಪುರದ ಬೋರ್ಡ್ ಪೇಂಟರ್ ಕಾಕಾ: ನಿಧಾನ, ಆದರೆ ಅಕ್ಷರ ಬಲ್ಲವರು

ಬೆಳಗಾವಿಯ ಶಹಾಪುರದಲ್ಲಿ ನನ್ನದೊಂದು ಸಣ್ಣ ಸೀರೆ ಅಂಗಡಿ. ಗಿರಾಕಿಗಳಲ್ಲಿ ಕನ್ನಡದವರೂ ಇದ್ದಾರೆ, ಮರಾಠಿಯವರೂ ಇದ್ದಾರೆ. ಹಾಗಾಗಿ ಬೋರ್ಡ್ ಇಂಗ್ಲಿಷೂ ಸೇರಿ ಮೂರು ಭಾಷೆಯಲ್ಲಿ ಬೇಕಿತ್ತು. ಮೊದಲು ಒಂದು ಫ್ಲೆಕ್ಸ್ ಅಂಗಡಿಗೆ ಕೊಟ್ಟೆ. ಅಲ್ಲಿನ ಹುಡುಗ ಹಿಂದಿಯಲ್ಲಿ ಟೈಪ್ ಮಾಡಿ, ಮರಾಠಿ ಸಾಲಿನಲ್ಲಿ ‘ಬೇಲಗಾಮ್’ ಅಂತ ಹಾಕಿಬಿಟ್ಟ. ಎದುರು ಅಂಗಡಿಯ ಮಾವಶಿ ನಕ್ಕಿದ್ದೇ ನಕ್ಕಿದ್ದು.

ಆಮೇಲೆ ಸಿಕ್ಕವರು ಈ ಕಾಕಾ. ಕೈಯಿಂದಲೇ ಬರೆಯುತ್ತಾರೆ. ಫ್ಲೆಕ್ಸ್ ನೋಡಿ, “ತಂಗಿ, ಹಿಂದಿಯೊಳಗ ಬೇಲಗಾಮ್ ಅಂದ್ರ ಲಗಾಮ ಇಲ್ಲದ್ದು. ನಮ್ಮೂರೇನ್ ಹಗ್ಗ ಬಿಚ್ಚಿದ ಕುದುರಿ ಏನು?” ಅಂದರು.

ಚಾಕ್ ಹಚ್ಚಿದ ದಾರವನ್ನು ತಗಡಿನ ಮೇಲೆ ಬಿಗಿಹಿಡಿದು ಫಟ್ ಅಂತ ಗೆರೆ ಹೊಡೆದರು. ಬೋರ್ಡಿನ ಮೂರಡಿ ಎತ್ತರದಲ್ಲಿ ಹತ್ತಿರ ಹತ್ತಿರ ಎರಡಡಿ ಕನ್ನಡಕ್ಕೇ. ಶೇ. 60 ಕನ್ನಡ ಇರಬೇಕು ಅನ್ನೋ 2024ರ ಕಾನೂನು ಅವರಿಗೆ ಬಾಯಿಪಾಠ. ಕೆಳಗೆ ಮರಾಠಿಯಲ್ಲಿ ‘ಬೇಳಗಾವ್’. ಮರಾಠಿಗೆ ನಮ್ಮ ಹಾಗೇ ಳ ಇದೆ, ಹಿಂದಿಯಲ್ಲಿ ಅದು ಲ ಆಗಿಬಿಡುತ್ತದೆ. ಬೆ, ಬೇ ಎರಡಕ್ಕೂ ದೇವನಾಗರಿಯಲ್ಲಿ ಒಂದೇ ಗುರುತು. ಮರಾಠಿಯ ‘ಗಾಂವ್’ ಇಂಗ್ಲಿಷರ ಬಾಯಲ್ಲಿ ‘ಗಾಮ್’ ಆಯಿತಂತೆ. ಇಷ್ಟನ್ನೂ ಬ್ರಷ್ ಆಡಿಸುತ್ತಲೇ ಹೇಳಿದರು. ಶಾಸನಗಳ ವೇಣುಗ್ರಾಮವನ್ನೂ ಬಿಡಲಿಲ್ಲ. ವೇಣು ಅಂದರೆ ಬಿದಿರು. ಕೋಟೆಯೊಳಗಿನ ಕಮಲ ಬಸದಿ ಕಟ್ಟಿಸಿದ ರಟ್ಟ ಅರಸರ ಕಾಲಕ್ಕೆ ಊರಿಗೆ ಅದೇ ಹೆಸರು.

ಇಂಗ್ಲಿಷ್ ಸಾಲಿಗೆ ಬಂದಾಗ ಬ್ರಷ್ ಕೆಳಗಿಟ್ಟು, “ಜಿಎಸ್‌ಟಿ ಕಾಗದ ತಗೊಂಡ್ ಬಾ” ಅಂದರು. ಅದರಲ್ಲಿ ಇದ್ದ ಹಾಗೇ ‘ಬೆಳಗಾವಿ’ ಬರೆದರು. ಸರ್ಕಾರ ಇಂಗ್ಲಿಷಿನಲ್ಲೂ ಹೆಸರು ಬದಲಿಸಿದ್ದು 2014ರ ನವೆಂಬರ್ 1ಕ್ಕೆ. ರೈಲ್ವೆಯ ಕೋಡ್ ಮಾತ್ರ ಇನ್ನೂ ಹಳೇ ‘ಬೆಲ್ಗಾಮ್’ನ ಬಿಜಿಎಂ!

ಇನ್ನು ತಕರಾರು. ಹೇಳಿದ ದಿನಕ್ಕೆ ಕೆಲಸ ಮುಗಿಯುವುದಿಲ್ಲ. ಫೋನ್ ಎತ್ತುವುದಿಲ್ಲ, ಬೆಳಿಗ್ಗೆ ಚಹಾದ ಹೊತ್ತಿಗೆ ಹೋಗಿ ಹಿಡಿಯಬೇಕು. ರೇಟು ಫ್ಲೆಕ್ಸ್‌ಗಿಂತ ಸಿಕ್ಕಾಪಟ್ಟೆ ಜಾಸ್ತಿ, ಅರ್ಧ ಮೊದಲೇ ಕೊಡಬೇಕು. ಆದರೆ ಒಂದು ಮಳೆಗಾಲ ಕಳೆದರೂ ಬಣ್ಣ ಎದ್ದಿಲ್ಲ. ನಮ್ಮೂರ ಮಳೆ ಗೊತ್ತಲ್ಲ? ಆ ‘ಳ’ದ ಸುತ್ತು ನೋಡಿ ಇಬ್ಬರು ಗಿರಾಕಿಗಳು ಅವರ ವಿಳಾಸ ಕೇಳಿದ್ದಾರೆ. ಎಲ್ಲ ಅಕ್ಷರಕ್ಕೂ ಕೆಂಪು ನೆರಳು ಬಿಡುವ ಚಟ ಮಾತ್ರ ಇದೆ. ಬೇಡವಾದರೆ ಗೆರೆ ಹೊಡೆಯುವಾಗಲೇ ಹೇಳಿಬಿಡಿ, ಆಮೇಲೆ ಕೇಳುವುದಿಲ್ಲ.