ಚೋಮನ ದುಡಿ, ಸಂಸ್ಕಾರ, ಮಲೆಗಳಲ್ಲಿ ಮದುಮಗಳು: ಯಾವುದರಿಂದ ಶುರು ಮಾಡೋದು?

ಬದುಕಿನಲ್ಲಿ ಒಮ್ಮೆಯಾದರೂ ಓದಬೇಕಾದ ಕನ್ನಡ ಕಾದಂಬರಿ ಯಾವುದೆಂದರೆ ಸಾಮಾನ್ಯವಾಗಿ ಈ ಮೂರರ ಹೆಸರು ಬರುತ್ತದೆ. ಮೂರೂ ಬೇರೆ ಬೇರೆ ಓದುಗರಿಗೆ ಒಗ್ಗುವಂಥವು.

ಮೊದಲು ಸಮಯ. ಕಾರಂತರ ಚೋಮನ ದುಡಿ (1933) ಒಂದು ಭಾನುವಾರಕ್ಕೆ ಮುಗಿಯುತ್ತದೆ. ಅನಂತಮೂರ್ತಿಯವರ ಸಂಸ್ಕಾರವೂ (1965) ತೆಳುವೇ, ಆದರೆ ಎರಡು ಮೂರು ಸಂಜೆ ಇಟ್ಟುಕೊಳ್ಳಿ. ಕುವೆಂಪು ಅವರ ಮದುಮಗಳು (1967) ಏಳುನೂರು ಪುಟ ದಾಟುವ ಗ್ರಂಥ. ದಿನಕ್ಕೆ ಇಪ್ಪತ್ತು ಪುಟವಾದರೂ ತಿಂಗಳು ಮೀರುತ್ತದೆ.

ಓದು ಎಲ್ಲಿ ನಿಲ್ಲುತ್ತದೆ ಅನ್ನೋದು ಇನ್ನೂ ಮುಖ್ಯ. ಮದುಮಗಳು ಕೈಬಿಟ್ಟವರಲ್ಲಿ ಬಹಳ ಮಂದಿ ಮೊದಲ ನೂರು ಪುಟದಲ್ಲೇ ಬಿಟ್ಟಿರುತ್ತಾರೆ: ಮನೆತನಗಳು, ಊರುಗಳು, ಆಳುಕಾಳುಗಳ ಹೆಸರು ಕಲಸಿಹೋಗುತ್ತವೆ. ಒಂದು ಚೀಟಿಯಲ್ಲಿ ಯಾರು ಯಾವ ಮನೆಯವರೆಂದು ಬರೆದಿಟ್ಟುಕೊಳ್ಳಿ. ಆಳು ನಾಯಿಗುತ್ತಿ ಮತ್ತು ಅವನ ನಾಯಿ ಹುಲಿಯನನ್ನು ಹಿಂಬಾಲಿಸಿದರೆ ದಾರಿ ತಪ್ಪದು. ಮುಖ್ಯ ಕಥೆ ಯಾವುದೆಂದು ಹುಡುಕಬೇಡಿ, ಹಾಗೊಂದು ಇಲ್ಲ. ಸಂಸ್ಕಾರದ್ದು ತಿರುಗುಮುರುಗು. ಅಗ್ರಹಾರದಲ್ಲಿ ಹೆಣ ಬಿದ್ದಿದೆ, ಸಂಸ್ಕಾರ ಮಾಡುವವರು ಯಾರು ಎಂಬ ಪ್ರಶ್ನೆ ಮೊದಲಲ್ಲೇ ಹಿಡಿದುಕೊಳ್ಳುತ್ತದೆ. ಅಗ್ರಹಾರದ ಪಂಡಿತ ಪ್ರಾಣೇಶಾಚಾರ್ಯರು ಊರು ಬಿಟ್ಟ ಮೇಲೆ ಎಲ್ಲ ಮನಸ್ಸಿನೊಳಗೇ ನಡೆಯುವುದರಿಂದ ಓಟ ನಿಧಾನ. ಚೋಮನ ದುಡಿಯಲ್ಲಿ ಇಂಥ ತೊಡಕಿಲ್ಲ, ಸಂಕಟ ಮಾತ್ರ ದಟ್ಟ.

ಕನ್ನಡ ಓದುವ ರೂಢಿ ತಪ್ಪಿದ್ದರೆ ಚೋಮನ ದುಡಿ ಹಿಡಿಯಿರಿ. ವಾದಕ್ಕೆ ಕೂರುವ ಗೆಳೆಯರ ಗುಂಪಿದ್ದರೆ ಸಂಸ್ಕಾರ. ಕನ್ನಡ ಬಾರದವರೂ ಎ.ಕೆ. ರಾಮಾನುಜನ್ ಅವರ ಇಂಗ್ಲಿಷ್ ಅನುವಾದ ಹಿಡಿದು ಸೇರಬಹುದು. ಮಳೆಗಾಲದ ಉದ್ದನೆಯ ರಜೆ ಸಿಕ್ಕಿದೆಯೇ? ಮದುಮಗಳನ್ನೇ ಎತ್ತಿಕೊಳ್ಳಿ, ಚೀಟಿ ಮರೆಯಬೇಡಿ.