ಮಲೆನಾಡಿನ ಚಾರಣಕ್ಕೆ ಡೀಟ್ ಕ್ರೀಮ್: ಸೊಳ್ಳೆಗೆ ಸೈ, ಉಣುಗಿಗೆ ಇದೊಂದೇ ಸಾಲದು

ಮೆಡಿಕಲ್ ಶಾಪಿನಲ್ಲಿ ಸಿಗುವ, 12% ಡೀಟ್ (ಸೊಳ್ಳೆ ದೂರವಿಡುವ ರಾಸಾಯನಿಕ) ಇರುವ ಸೊಳ್ಳೆ ಕ್ರೀಮನ್ನು ಕೆಲವು ವರ್ಷಗಳಿಂದ ಬಳಸುತ್ತಿದ್ದೇನೆ. ಮನೆಯಲ್ಲಿ ಕಡಿಮೆ, ಸಾಗರ, ಹೊಸನಗರ, ತೀರ್ಥಹಳ್ಳಿ ಕಡೆ ಕಾಡು ಸುತ್ತುವಾಗಲೇ ಜಾಸ್ತಿ.

ಸೊಳ್ಳೆಗೆ ಇದು ಚೆನ್ನಾಗಿ ಕೆಲಸ ಮಾಡುತ್ತದೆ. ಆದರೆ ಸೊಳ್ಳೆಯನ್ನು ಸಾಯಿಸುವುದಿಲ್ಲ, ಕೂರಲು ಬಿಡುವುದಿಲ್ಲ ಅಷ್ಟೇ. ಹಚ್ಚಿದ ಕೈಯ ಸುತ್ತ ಸುಳಿದಾಡುತ್ತಲೇ ಇರುತ್ತವೆ. ಕಿವಿಯ ಹಿಂದೆಯೋ ಬೆರಳ ಸಂದಿಯಲ್ಲೋ ಕ್ರೀಮ್ ತಾಗದ ಒಂದು ಚೂರು ಜಾಗ ಸಿಕ್ಕರೆ ಸರಿಯಾಗಿ ಅಲ್ಲೇ ಕಚ್ಚುತ್ತವೆ. ಹಾಗಾಗಿ ಸುಮ್ನೆ ಅಲ್ಲೊಂದು ಇಲ್ಲೊಂದು ಬೊಟ್ಟು ಇಟ್ಟರೆ ಪ್ರಯೋಜನವಿಲ್ಲ, ತೆಳ್ಳಗೆ ಎಲ್ಲ ಕಡೆ ಸವರಬೇಕು. ಏರು ಹತ್ತುವಾಗ ಬೆವರು ಇಳಿಯುತ್ತದೆ ಅಲ್ವಾ? ಹಚ್ಚಿ ಎರಡು ಗಂಟೆ ಕಳೆದ ಮೇಲೆ ನನಗೆ ನಂಬಿಕೆ ಇರುವುದಿಲ್ಲ, ಮತ್ತೆ ಹಚ್ಚುತ್ತೇನೆ. ಡೀಟ್ ಪ್ರಮಾಣ ಜಾಸ್ತಿ ಇರುವ ಕ್ರೀಮ್ ಹೆಚ್ಚು ಹೊತ್ತು ಬಾಳಿಕೆ ಬರುತ್ತದೆ. ಸನ್‌ಸ್ಕ್ರೀನ್ ಹಚ್ಚುವವರು ಮೊದಲು ಅದನ್ನು ಹಚ್ಚಿ, ಒಣಗಿದ ಮೇಲೆ ಇದನ್ನು ಹಚ್ಚಿ.

ಒಂದು ತೊಂದರೆ ಇದೆ. ಡೀಟ್ ಕೆಲವು ಪ್ಲಾಸ್ಟಿಕ್‌ಗಳನ್ನು ಕರಗಿಸುತ್ತದೆ. ನನ್ನ ಗಡಿಯಾರದ ಪಟ್ಟಿ ಮೆತ್ತಗಾಗಿ ಅಂಟಂಟಾಯಿತು. ಹತ್ತಿ ಬಟ್ಟೆಗೆ ಏನೂ ಆಗುವುದಿಲ್ಲ. ಕನ್ನಡಕ, ಕ್ಯಾಮೆರಾ ಮುಟ್ಟುವ ಮುಂಚೆ ಅಂಗೈ ಒರೆಸಿಕೊಳ್ಳಿ.

ಮಳೆಗಾಲದ ಉಂಬಳಕ್ಕೆ (ಜಿಗಣೆ) ಇದನ್ನು ನೆಚ್ಚಬೇಡಿ. ನೀರಿಗೆ ತೊಳೆದು ಹೋಗುತ್ತದೆ. ಉಂಬಳದ ಕಾಲುಚೀಲವೇ ವಾಸಿ.

ನಿಜವಾಗಿ ಎಚ್ಚರ ಬೇಕಿರುವುದು ಉಣುಗಿನ (ಮೈಗೆ ಕಚ್ಚಿಕೊಂಡು ರಕ್ತ ಹೀರುವ ಉಣ್ಣೆ ಹುಳ) ಬಗ್ಗೆ. ಡಿಸೆಂಬರಿನಿಂದ ಮೇವರೆಗೆ, ಅಂದರೆ ಹೆಚ್ಚಿನವರು ಚಾರಣಕ್ಕೆ ಬರುವ ಹೊತ್ತಿಗೇ ಮರಿ ಉಣುಗುಗಳು ದರಗಿನಲ್ಲಿ (ಉದುರಿದ ಒಣ ಎಲೆ), ಗಿಡಗಳ ತುದಿಯಲ್ಲಿ ಕಾಯುತ್ತಿರುತ್ತವೆ. ಎಳ್ಳಿಗಿಂತ ಚಿಕ್ಕವು, ಹತ್ತಿದ್ದೇ ಗೊತ್ತಾಗುವುದಿಲ್ಲ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಗುರುತಿಸಿದ, ಮಂಗಗಳಿಗೂ ಮನುಷ್ಯರಿಗೂ ಬರುವ ವೈರಸ್ ಜ್ವರವಾದ ಮಂಗನ ಕಾಯಿಲೆ ಹರಡುವುದು ಇವುಗಳಿಂದಲೇ. 2018-19ರಲ್ಲಿ ಸಾಗರ ತಾಲ್ಲೂಕಿನ ಅರಳಗೋಡಿನಲ್ಲಿ ಜನ ಜೀವ ಕಳೆದುಕೊಂಡರು. ಜೋಗ ನೋಡಲು ಬರುವ ಎಷ್ಟೋ ಜನರಿಗೆ ಇದು ತಿಳಿದೇ ಇಲ್ಲ ಎಂಬುದು ನನಗೆ ಬೇಸರದ ಸಂಗತಿ.

ಉಣುಗಿನ ಮೇಲೆ ಡೀಟ್ ಸ್ವಲ್ಪ ಕೆಲಸ ಮಾಡುತ್ತದೆ, ಆದರೆ ಅದೊಂದನ್ನೇ ನಂಬುವ ಹಾಗಿಲ್ಲ. ಕಾಯಿಲೆ ಕಾಣಿಸಿಕೊಂಡ ಊರುಗಳಲ್ಲಿ ಆಶಾ ಕಾರ್ಯಕರ್ತೆಯರು ಉಣುಗು ದೂರವಿಡುವ ಡೆಪಾ ಎಣ್ಣೆ ಹಂಚುತ್ತಾರೆ, ಕಾಡಿಗೆ ಹೋಗುವವರು ಅದನ್ನು ಕೈಕಾಲಿಗೆ ಹಚ್ಚಿಕೊಳ್ಳುತ್ತಾರೆ. ನಾನು ಕ್ರೀಮ್ ಹಚ್ಚಿ, ತಿಳಿ ಬಣ್ಣದ ಪ್ಯಾಂಟನ್ನು ಕಾಲುಚೀಲದೊಳಗೆ ಸಿಗಿಸುತ್ತೇನೆ. ತಿಳಿ ಬಟ್ಟೆಯ ಮೇಲೆ ಹರಿದಾಡುವ ಕಪ್ಪು ಚುಕ್ಕೆ ಬೇಗ ಕಾಣುತ್ತದೆ. ದರಗಿನ ಮೇಲೆ ಕೂರುವುದಿಲ್ಲ. ಮಂಗ ಸತ್ತು ಬಿದ್ದಿದ್ದರೆ ಆ ದಾರಿ ಬಿಟ್ಟು ವಾಪಸ್ ಬಂದು, ಹತ್ತಿರದ ಆರೋಗ್ಯ ಕೇಂದ್ರಕ್ಕೆ ತಿಳಿಸುವುದು ಒಳ್ಳೆಯದು.

ವಾಪಸ್ ಬಂದ ಕೂಡಲೇ ಬಿಸಿನೀರು, ಸೋಪಿನ ಸ್ನಾನ. ಕಂಕುಳು, ತೊಡೆಸಂದಿ, ಮೊಣಕಾಲ ಹಿಂದೆ, ಸೊಂಟದ ಪಟ್ಟಿಯ ಜಾಗ ಬೆಳಕಲ್ಲಿ ನೋಡಿಕೊಳ್ಳಬೇಕು. ಕಚ್ಚಿಕೊಂಡಿದ್ದರೆ ಸೀಮೆಎಣ್ಣೆ, ಬೆಂಕಿಕಡ್ಡಿ ಬೇಡ. ಚಿಮಟದಲ್ಲಿ ಚರ್ಮಕ್ಕೆ ತೀರಾ ಹತ್ತಿರ ಹಿಡಿದು ನೇರವಾಗಿ ಎಳೆಯಿರಿ. ಕಾಡಿಗೆ ಹೋಗಿ ಬಂದ ವಾರ, ಹತ್ತು ದಿನದೊಳಗೆ ಜೋರು ಜ್ವರ, ತಲೆನೋವು, ಮೈಕೈ ನೋವು ಬಂದರೆ ಮಾತ್ರೆ ನುಂಗಿ ಮಲಗಬೇಡಿ. ಡಾಕ್ಟರ ಹತ್ತಿರ ಹೋಗಿ, ಯಾವ ಕಾಡಿಗೆ ಹೋಗಿದ್ದಿರಿ ಎಂದು ಮೊದಲೇ ಹೇಳಿ.